ಆಫರ್ ತಡವಾದರೆ ಸೀಟು ಹೋಯಿತು ಅಂತಲ್ಲ: ಬ್ರಿಟನ್ನಿನ ಡಿಗ್ರಿ ಪ್ರವೇಶದ ಒಳಲೆಕ್ಕ

ನವೆಂಬರ್ ಕೊನೆಯಲ್ಲಿ ಒಂದು ರಾತ್ರಿ ಅಕ್ಕನ ಮಗಳು ಫೋನ್ ಮಾಡಿದಳು. ಬ್ರಿಟನ್ನಿನ ಐದು ವಿಶ್ವವಿದ್ಯಾಲಯಗಳಲ್ಲಿ ಅರ್ಥಶಾಸ್ತ್ರದ ಡಿಗ್ರಿಗೆ ಅರ್ಜಿ ಹಾಕಿ ಆರು ವಾರ ಆಗಿತ್ತು. ಅದೇ ವಾರ ಅರ್ಜಿ ಹಾಕಿದ್ದ ಗೆಳತಿಗೆ ಒಂದು ಕಡೆಯಿಂದ ಆಫರ್ ಬಂದಿದೆ. ಇವಳಿಗೆ ಅಲ್ಲಿಂದ ಒಂದು ಸಾಲೂ ಇಲ್ಲ. ದಿನಕ್ಕೆ ಇಪ್ಪತ್ತು ಸಲ ಲಾಗಿನ್ ಆಗಿ ನೋಡುತ್ತಾಳಂತೆ. "ಚಿಕ್ಕಮ್ಮಾ, ನಂದು ಹೋಯ್ತು ಅಂತಲೇ ಅಲ್ವಾ?" ಅಂದಳು. ಅಳು ಗಂಟಲಿಗೆ ಬಂದಿತ್ತು.

ಹೋಗಿರಲಿಲ್ಲ. ಅವಳ ಅರ್ಜಿಯ ಬಗ್ಗೆ ಅಲ್ಲಿ ಇನ್ನೂ ಯಾರೂ ತೀರ್ಮಾನ ಮಾಡಿರಲಿಕ್ಕಿಲ್ಲ ಅಂತ ನಾನು ಹೇಳಿದರೆ ಅವಳು ನಂಬಲಿಲ್ಲ. ಮಕ್ಕಳು ಹೀಗೆ ಸುಮ್ನೆ ನಿದ್ದೆ ಕೆಡಿಸಿಕೊಳ್ಳುವುದನ್ನು ನೋಡಿದರೆ ನನಗೆ ನಿಜವಾಗಲೂ ಸಂಕಟ ಆಗುತ್ತದೆ. ಆಫರ್ ಯಾವಾಗ ಬರುತ್ತದೆ, ಬರುವ ಸಾಧ್ಯತೆ ಎಷ್ಟು ಅನ್ನುವುದರ ಹಿಂದೆ ಒಂದು ಲೆಕ್ಕ ಇದೆ. ಅದು ತಿಳಿದರೆ ಕಾಯುವುದು ಸ್ವಲ್ಪ ಹಗುರ ಆಗುತ್ತದೆ.

ಮೊದಲು ಒಂದು ಗೊಂದಲ ತೆಗೆಯೋಣ. ನಮಗೆ ರೂಢಿ ಇರುವುದು ಸಿಇಟಿ ತರಹದ ಪದ್ಧತಿ. ಪರೀಕ್ಷೆ, ಆಮೇಲೆ ರ‍್ಯಾಂಕ್, ಆಮೇಲೆ ರ‍್ಯಾಂಕಿನ ಸಾಲಿನಲ್ಲಿ ಸೀಟು. ನಿಮ್ಮ ಹಿಂದಿರುವವರಿಗೆ ಸಿಕ್ಕಿತು ಅಂದರೆ ನಿಮಗೂ ಸಿಗಲೇಬೇಕು. ಬ್ರಿಟನ್ನಿನಲ್ಲಿ ಆ ಸಾಲೇ ಇಲ್ಲ. ಒಂದೊಂದು ವಿಶ್ವವಿದ್ಯಾಲಯ, ಎಷ್ಟೋ ಸಲ ಅದರೊಳಗಿನ ಒಂದೊಂದು ವಿಭಾಗ, ತನ್ನದೇ ಅಳತೆಯಲ್ಲಿ ತನ್ನದೇ ವೇಗದಲ್ಲಿ ಅರ್ಜಿ ಓದುತ್ತದೆ. ಅಷ್ಟೇ ಅಲ್ಲ, ಅರ್ಜಿ ಹಾಕುವ ಹೊತ್ತಿಗೆ ಬಹಳ ಮಂದಿಯ ಕೊನೆಯ ಪರೀಕ್ಷೆಯೇ ಆಗಿರುವುದಿಲ್ಲ. ಎ ಲೆವೆಲ್‌ನಲ್ಲಿ (ಅಲ್ಲಿನ ಶಾಲೆಯ ಕೊನೆಯ ಪರೀಕ್ಷೆ, ನಮ್ಮ ಪಿಯುಸಿ ತರಹ) ಇಷ್ಟು ಬರಬಹುದು ಅಂತ ಶಾಲೆಯವರು ಬರೆದುಕೊಡುವ ಅಂದಾಜು ಗ್ರೇಡ್ ಇದೆಯಲ್ಲ, ಪ್ರೆಡಿಕ್ಟೆಡ್ ಗ್ರೇಡ್ ಅನ್ನುತ್ತಾರೆ, ಅದನ್ನು ನಂಬಿಕೊಂಡೇ ಆಫರ್ ಕೊಡುತ್ತಾರೆ. ಹಾಗಾಗಿ ಅವರು ಕೊಡುವುದು ಸೀಟಲ್ಲ, ಒಂದು ಮಾತು. ಒಂದು ಎ ಸ್ಟಾರ್ (ಎಲ್ಲಕ್ಕಿಂತ ಮೇಲಿನ ಗ್ರೇಡ್), ಎರಡು ಎ ತಂದರೆ ಸೀಟು ನಿನ್ನದು ಅನ್ನುವ ಮಾತು. ಇದು ಕಂಡಿಷನಲ್ ಆಫರ್. ಬೇಕಾದ ಗ್ರೇಡ್ ಆಗಲೇ ಕೈಯಲ್ಲಿದ್ದವರಿಗೆ ಅನ್‌ಕಂಡಿಷನಲ್.

ಅರ್ಜಿ ಹೋಗುವುದು ಯುಕಾಸ್ ಅನ್ನುವ ಒಂದೇ ಸಂಸ್ಥೆಯ ಮೂಲಕ. ಐದು ಆಯ್ಕೆ ಕೊಡಬಹುದು. ಮೆಡಿಸಿನ್, ಡೆಂಟಲ್, ಪಶುವೈದ್ಯಕ್ಕಾದರೆ ಆ ಒಂದೊಂದು ವಿಷಯದಲ್ಲಿ ನಾಲ್ಕೇ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಎರಡಕ್ಕೂ ಒಂದೇ ವರ್ಷ ಹಾಕುವಂತಿಲ್ಲ, ಒಂದನ್ನು ಆರಿಸಿಕೊಳ್ಳಬೇಕು. ಆ ಎರಡು ವಿಶ್ವವಿದ್ಯಾಲಯಗಳಿಗೆ ಮತ್ತು ಮೆಡಿಸಿನ್ ಗುಂಪಿನ ಕೋರ್ಸುಗಳಿಗೆ ಗಡುವು ಅಕ್ಟೋಬರ್ 15. ಉಳಿದ ಬಹುತೇಕ ಕೋರ್ಸುಗಳಿಗೆ ಜನವರಿ. ಈ ಜನವರಿ ಗಡುವು ಮುಂಚೆ ತಿಂಗಳ ಕೊನೆಯಲ್ಲಿರುತ್ತಿತ್ತು, 2026ರ ಪ್ರವೇಶಕ್ಕೆ ಜನವರಿ 14ಕ್ಕೆ ಬಂತು. ಆಮೇಲೂ ಅರ್ಜಿ ಹಾಕಬಹುದು, ಆದರೆ ಪೈಪೋಟಿ ಇರುವ ಕೋರ್ಸಿನವರು ಅದನ್ನು ನೋಡಲೇಬೇಕು ಅಂತಿಲ್ಲ.

ಗೆಳತಿಗೆ ಬಂದು ಇವಳಿಗೆ ಬಾರದ ಕತೆ ಶುರುವಾಗುವುದು ಇಲ್ಲೇ. ನಿಯಮ ಹೇಳುವುದು ಇಷ್ಟು: ಜನವರಿ ಗಡುವಿನೊಳಗೆ ಬಂದ ಎಲ್ಲ ಅರ್ಜಿಗಳನ್ನೂ ಸಮನಾಗಿ ನೋಡಬೇಕು. ಗಡುವು ಮುಗಿಯುವ ತನಕ ಯಾರಿಗೂ ಆಫರ್ ಕೊಡಬಾರದು ಅಂತ ಹೇಳುವುದಿಲ್ಲ. ಹೀಗಾಗಿ ಒಂದೊಂದು ಕಡೆ ಒಂದೊಂದು ರೂಢಿ.

ಕೆಲವು ಕಡೆ ಬಂದ ಹಾಗೆ ಓದುತ್ತಾರೆ. ಸೀಟು ಜಾಸ್ತಿ ಇದ್ದು ನುಗ್ಗಾಟ ಕಡಿಮೆ ಇದ್ದರೆ ಇದು ಸುಲಭ, ಅರ್ಜಿ ಹಾಕಿ ಎರಡು ಮೂರು ವಾರಕ್ಕೆಲ್ಲ ಆಫರ್ ಬಂದುಬಿಡುತ್ತದೆ. ಇನ್ನು ಕೆಲವರು ಗಡುವು ಮುಗಿದು ಎಲ್ಲ ಅರ್ಜಿಗಳೂ ಒಟ್ಟಾಗುವ ತನಕ ಕಾದು, ರಾಶಿಯನ್ನು ಎದುರಿಗಿಟ್ಟುಕೊಂಡು ಹೋಲಿಸುತ್ತಾರೆ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಹೀಗೆ ಮಾಡುವುದಕ್ಕೆ ಹೆಸರಾಗಿದೆ. ಅವರ ಬಾಯಲ್ಲಿ ಇದಕ್ಕೆ 'ಗ್ಯಾದರ್ಡ್ ಫೀಲ್ಡ್' ಅಂತ ಹೆಸರು. ಅಲ್ಲಿ ವರ್ಷಕ್ಕೆ 25 ಸಾವಿರದ ಸುತ್ತ ಅರ್ಜಿ ಬರುತ್ತವೆ, ಡಿಗ್ರಿ ಸೀಟು 2 ಸಾವಿರವೂ ಇಲ್ಲ. ಇಂಟರ್‌ವ್ಯೂ ಕೂಡ ಸಾಮಾನ್ಯವಾಗಿ ಇರುವುದಿಲ್ಲ, ಕಾಗದದ ಮೇಲಿರುವುದನ್ನೇ ತೂಗಬೇಕು. ಅಂಥಲ್ಲಿ ಅಕ್ಟೋಬರ್‌ನಲ್ಲಿ ಹಾಕಿದ ಅರ್ಜಿಗೆ ಮಾರ್ಚ್‌ನಲ್ಲಿ ಉತ್ತರ ಬಂದರೆ ಅದರಲ್ಲಿ ಏನೂ ವಿಶೇಷ ಇಲ್ಲ.

ಮೂರನೆಯದೇ ಮಕ್ಕಳನ್ನು ಹೆಚ್ಚು ಕಾಡುವುದು, ಯಾಕೆಂದರೆ ಹೊರಗಿನಿಂದ ಅದರ ತಲೆಬುಡ ಗೊತ್ತಾಗುವುದಿಲ್ಲ. ಅರ್ಜಿ ಓದುವವರ ಜಾಗದಲ್ಲಿ ಕೂತು ನೋಡಿ. ನವೆಂಬರ್‌ನಲ್ಲಿ ನಿಮ್ಮ ಮುಂದೆ 600 ಅರ್ಜಿ ಇವೆ. ಒಂದೈವತ್ತು ಅರ್ಜಿ ಎಷ್ಟು ಚೆನ್ನಾಗಿವೆ ಅಂದರೆ ಜನವರಿಯಲ್ಲಿ ಇನ್ನೆಂಥವರೇ ಬರಲಿ, ಇವರಿಗೆ ಕೊಟ್ಟೇ ಕೊಡುತ್ತೀರಿ. ಕೊಟ್ಟುಬಿಡಿ. ಒಂದು ನೂರರಲ್ಲಿ ಬೇಕಾದ ವಿಷಯವೇ ಇಲ್ಲ, ಅಥವಾ ಅಂದಾಜು ಗ್ರೇಡ್ ಬಹಳ ಕೆಳಗಿದೆ. ಬೇಡ ಅಂದುಬಿಡಿ. ಉಳಿದ 450? ಒಳ್ಳೆಯ ಮಕ್ಕಳೇ. ಸೀಟು ಸಿಗಬಹುದಾದವರೇ. ಆದರೆ ಜನವರಿಯಲ್ಲಿ ಎಂಥ ಅರ್ಜಿಗಳು ಬರುತ್ತವೋ ತಿಳಿಯದೆ ಈಗಲೇ ಕೈ ಬಿಚ್ಚಿದರೆ ಆಮೇಲೆ ಕಷ್ಟ. ಅವನ್ನು ಪಕ್ಕಕ್ಕಿಡುತ್ತೀರಿ. ಫೆಬ್ರವರಿಯಲ್ಲಿ ಒಂದು ಕಂತು ಆಫರ್, ಮಾರ್ಚ್‌ನಲ್ಲಿ ಇನ್ನೊಂದು ಕಂತು. ಅಕ್ಕನ ಮಗಳ ಅರ್ಜಿ ಬಹುಶಃ ಈ 450ರ ರಾಶಿಯಲ್ಲಿತ್ತು. ಅಂದರೆ ಸುದ್ದಿ ಇಲ್ಲ ಅನ್ನುವುದಕ್ಕೆ ಅರ್ಥ, ಇನ್ನೂ ಆಟದಲ್ಲಿದ್ದೀರಿ ಅಂತ. ಬೇಡ ಅನ್ನುವುದಿದ್ದರೆ ಎಷ್ಟೋ ಕಡೆ ಅದನ್ನು ಬೇಗನೆ ಹೇಳಿಬಿಡುತ್ತಾರೆ.

ಹಾಗಂತ ಕೊನೆಯಿಲ್ಲದೆ ಕಾಯಿಸುವಂತಿಲ್ಲ. ಜನವರಿ ಗಡುವಿನೊಳಗೆ ಬಂದ ಅರ್ಜಿಗಳಿಗೆ ಮೇ ಮಧ್ಯದ ಹೊತ್ತಿಗೆ ಉತ್ತರ ಕೊಡಲೇಬೇಕು. ಆ ದಿನ ದಾಟಿದರೆ ಅರ್ಜಿ ತಾನಾಗೇ ತಿರಸ್ಕಾರ ಆಗುತ್ತದೆ. ಅಲ್ಲಿಯ ತನಕ ಯಾವ ಮೌನಕ್ಕೂ ಕೆಟ್ಟ ಅರ್ಥ ಹಚ್ಚಬೇಡಿ.

ಈಗ ಎಷ್ಟು ಆಫರ್ ಕೊಡುತ್ತಾರೆ ಅನ್ನುವ ವಿಷಯ. ಬಹಳ ಜನ ಅರ್ಜಿಯನ್ನು ಸೀಟಿನಿಂದ ಭಾಗಿಸಿ ಎದೆ ಒಡೆದುಕೊಳ್ಳುತ್ತಾರೆ. 200 ಸೀಟು, 2,000 ಅರ್ಜಿ, ಹತ್ತರಲ್ಲಿ ಒಬ್ಬರಿಗೆ ಅಂತ. ಅದು ತಪ್ಪು ಲೆಕ್ಕ. ಪ್ರತಿಯೊಬ್ಬರೂ ಐದು ಕಡೆ ಅರ್ಜಿ ಹಾಕಿರುತ್ತಾರೆ, ಸೇರುವುದು ಒಂದೇ ಕಡೆ. ಆಮೇಲೆ ಒಪ್ಪಿಕೊಂಡವರಲ್ಲೂ ಕೆಲವರಿಗೆ ಬೇಕಾದ ಗ್ರೇಡ್ ಬರುವುದಿಲ್ಲ, ಯಾಕೆಂದರೆ ಅಂದಾಜು ಗ್ರೇಡ್ ಸಾಮಾನ್ಯವಾಗಿ ನಿಜವಾದ ಗ್ರೇಡಿಗಿಂತ ಮೇಲೇ ಇರುತ್ತದೆ. ಹಾಗಾಗಿ ಉದಾಹರಣೆಗೆ 200 ಸೀಟಿಗೆ 600 ಆಫರ್ ಕೊಟ್ಟರೆ, ಅದರಲ್ಲಿ ಅರ್ಧ ಜನ ಬೇರೆ ಕಡೆ ಹೋಗಿ 300 ಉಳಿದು, ಅವರಲ್ಲಿ ಮೂರನೇ ಒಂದು ಭಾಗಕ್ಕೆ ಗ್ರೇಡ್ ತಪ್ಪಿದರೆ, ಸರಿಯಾಗಿ 200 ತುಂಬುತ್ತದೆ. ಈಗ 2,000 ಅರ್ಜಿಗೆ 600 ಆಫರ್, ಅಂದರೆ ಹತ್ತರಲ್ಲಿ ಮೂವರಿಗೆ. ಅದೇ ಕೋರ್ಸು, ಅದೇ ಸೀಟು, ಲೆಕ್ಕ ಮಾತ್ರ ಬೇರೆ.

ಈ ಅನುಪಾತ ಎಲ್ಲ ಕಡೆ ಒಂದೇ ಇರುವುದಿಲ್ಲ. ಆಕ್ಸ್‌ಫರ್ಡಿನಲ್ಲಿ ಆಫರ್ ಸಿಕ್ಕಿದವರು ಬಿಡುವುದು ಅಪರೂಪ. 2023ರಲ್ಲಿ ಅಲ್ಲಿಗೆ ಸುಮಾರು 23 ಸಾವಿರ ಅರ್ಜಿ ಬಂದು, 3,700ರಷ್ಟು ಆಫರ್ ಹೋಗಿ, 3,200ರಷ್ಟು ಜನ ಸೇರಿದರು. ಸೀಟಿಗೂ ಆಫರಿಗೂ ಹೆಚ್ಚು ಅಂತರವೇ ಇಲ್ಲ. ಕೇಂಬ್ರಿಡ್ಜ್‌ನ ಗಣಿತದ ಕೋರ್ಸು ಇದಕ್ಕೆ ಪೂರ್ತಿ ತದ್ವಿರುದ್ಧ. ಅಲ್ಲಿ ಆಫರ್ ಸಿಕ್ಕಿದ ಮೇಲೂ ಜೂನ್‌ನಲ್ಲಿ ಸ್ಟೆಪ್ ಅನ್ನುವ ಕಠಿಣ ಪರೀಕ್ಷೆ ಬರೆಯಬೇಕು. ಬಹಳ ಜನ ಅದರಲ್ಲಿ ಎಡವುತ್ತಾರೆ ಅಂತ ಗೊತ್ತಿದ್ದೇ ಸೀಟಿನ ಎರಡು ಪಟ್ಟಿನಷ್ಟು ಆಫರ್ ಕೊಡುತ್ತಾರೆ. ಅಲ್ಲಿ ಆಫರ್ ಅಂದರೆ ಅರ್ಧ ದಾರಿ ಅಷ್ಟೇ.

ಒಂದೇ ವಿಶ್ವವಿದ್ಯಾಲಯದ ಒಳಗೂ ಕೋರ್ಸಿನಿಂದ ಕೋರ್ಸಿಗೆ ಅಜಗಜಾಂತರ. ಆಕ್ಸ್‌ಫರ್ಡಿನಲ್ಲಿ ಎಕನಾಮಿಕ್ಸ್ ಅಂಡ್ ಮ್ಯಾನೇಜ್‌ಮೆಂಟ್‌ಗೆ ಅರ್ಜಿ ಹಾಕಿದವರಲ್ಲಿ ನೂರಕ್ಕೆ ಆರರ ಆಸುಪಾಸು ಜನ ಒಳಗೆ ಹೋಗುತ್ತಾರೆ. ಕ್ಲಾಸಿಕ್ಸ್‌ಗೆ, ಅಂದರೆ ಹಳೆಯ ಗ್ರೀಕ್ ಲ್ಯಾಟಿನ್ ಓದುವ ಕೋರ್ಸಿಗೆ, ಸುಮಾರು ಮೂರರಲ್ಲಿ ಒಬ್ಬರು. ಇದನ್ನು ನೋಡಿ "ಕ್ಲಾಸಿಕ್ಸ್ ಸುಲಭ, ಅದಕ್ಕೇ ಹಾಕೋಣ" ಅನ್ನಬೇಡಿ. ಅಲ್ಲಿಗೆ ಬರುವವರು ಕಡಿಮೆ, ಬರುವವರು ಆ ವಿಷಯದಲ್ಲೇ ಮುಳುಗಿರುವವರು.

ನನಗೆ ಎಲ್ಲಕ್ಕಿಂತ ಕಳವಳ ಆಗುವುದು ಇನ್ನೊಂದು ಲೆಕ್ಕ ನೋಡಿದಾಗ. ಐದು ಕಡೆ ಅರ್ಜಿ ಹಾಕಿದ್ದೇನೆ, ಒಂದೊಂದು ಕಡೆ ನೂರಕ್ಕೆ 20ರಷ್ಟು ಅವಕಾಶ, ಅಂದಮೇಲೆ ಒಂದಾದರೂ ಸಿಗುವ ಅವಕಾಶ ನೂರಕ್ಕೆ 67 ಅಂತ ಹುಡುಗರು ಗುಣಿಸಿ ತೋರಿಸುತ್ತಾರೆ. ಗುಣಾಕಾರ ಸರಿ, ನಂಬಿಕೆ ತಪ್ಪು. ಐದು ಸಲ ಪಗಡೆ ಹಾಕಿದಂತೆ ಅಲ್ಲ ಇದು. ಐದೂ ಕಡೆ ಹೋಗುವುದು ಒಂದೇ ಅರ್ಜಿ, ಅದೇ ಅಂದಾಜು ಗ್ರೇಡ್, ನಿಮ್ಮ ಬಗ್ಗೆ ನೀವೇ ಬರೆದ ಅದೇ ಪರ್ಸನಲ್ ಸ್ಟೇಟ್‌ಮೆಂಟ್, ಶಾಲೆಯವರು ಬರೆದ ಅದೇ ಶಿಫಾರಸು. ಒಂದು ಕಡೆ ಯಾವ ಕಾರಣಕ್ಕೆ ಬೇಡ ಅನ್ನಿಸಿತೋ ಅದೇ ಕಾರಣ ಇನ್ನೊಂದು ಕಡೆಯೂ ಕಣ್ಣಿಗೆ ಬೀಳುತ್ತದೆ. ಐದೂ ಆಯ್ಕೆ ಒಂದೇ ಎತ್ತರದಲ್ಲಿಟ್ಟ ಮಕ್ಕಳಿಗೆ ಐದೂ ಸಿಗುವುದುಂಟು, ಐದೂ ತಪ್ಪುವುದುಂಟು. ಅದಕ್ಕೇ ಎರಡು ಕನಸಿನದ್ದು, ಎರಡು ನಿಮ್ಮ ಮಟ್ಟದ್ದು, ಒಂದು ಖಂಡಿತ ಸಿಗುವಂಥದ್ದು ಅಂತ ಹಂಚಿ ಹಾಕಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಆ ಕೊನೆಯದು ನಿಮಗೆ ಹೋಗಿ ಓದಲು ಇಷ್ಟವಿರುವ ಜಾಗವೇ ಆಗಿರಬೇಕು. ಇಲ್ಲದಿದ್ದರೆ ಅದು ಆಯ್ಕೆಯೇ ಅಲ್ಲ.

ಪ್ರಕಟವಾದ ಆಫರ್ ರೇಟ್ ಕೂಡ ನಿಮ್ಮ ಅವಕಾಶವಲ್ಲ, ಅದು ಒಂದು ಗುಂಪಿನ ಸರಾಸರಿ. ನೂರಕ್ಕೆ ಹತ್ತು ಅಂದಾಗ ಆ ನೂರರಲ್ಲಿ ಗಣಿತ ಓದದೆ ಅರ್ಥಶಾಸ್ತ್ರಕ್ಕೆ ಹಾಕಿದವರೂ ಇರುತ್ತಾರೆ. ಬೇಕಾದ ವಿಷಯ, ಗ್ರೇಡ್, ಪರೀಕ್ಷೆ ಎಲ್ಲ ಇದ್ದರೆ ನಿಮ್ಮ ಅವಕಾಶ ಆ ಅಂಕಿಗಿಂತ ಜಾಸ್ತಿ. ಇನ್ನು ಬ್ರಿಟನ್ನಿನ ವಿದ್ಯಾರ್ಥಿಗಳಿಗೂ ಹೊರದೇಶದವರಿಗೂ ಎಷ್ಟೋ ಕಡೆ ಬೇರೆ ಬೇರೆ ಲೆಕ್ಕ ಇರುತ್ತದೆ. ಇಂಗ್ಲೆಂಡಿನಲ್ಲಿ ಸ್ವದೇಶಿ ವಿದ್ಯಾರ್ಥಿಯ ಶುಲ್ಕಕ್ಕೆ ಸರ್ಕಾರದ ಮಿತಿ ಇದೆ, 2025-26ಕ್ಕೆ ವರ್ಷಕ್ಕೆ 9,535 ಪೌಂಡ್. ಹೊರಗಿನವರಿಗೆ ಅಂಥ ಮಿತಿ ಇಲ್ಲ. ಹಾಗಾಗಿ ಅಂಕಿ ನೋಡುವಾಗ ಅದು ಯಾರದ್ದು ಅಂತ ಮೊದಲು ನೋಡಿ. ಕಷ್ಟದ ಹಿನ್ನೆಲೆಯಿಂದ ಬಂದ ಅಲ್ಲಿನ ಮಕ್ಕಳಿಗೆ ಒಂದೆರಡು ಗ್ರೇಡ್ ಕಡಿಮೆ ಷರತ್ತಿನ ಆಫರ್ ಕೊಡುವ ಪದ್ಧತಿಯೂ ಇದೆ. ಅದು ಸರಿಯಾದ ಕೆಲಸ ಅಂತಲೇ ನನ್ನ ಅಭಿಪ್ರಾಯ. ಆದರೆ ಇದು ಗೊತ್ತಿಲ್ಲದೆ, ಅವನಿಗೆ ಎ ಬಿ ಬಿ ಕೇಳಿದರು ನನಗೆ ಮೂರು ಎ ಯಾಕೆ ಅಂತ ಕೊರಗಬೇಡಿ.

ಮೆಡಿಸಿನ್ ವಿಷಯವನ್ನು ಪ್ರತ್ಯೇಕವಾಗಿಯೇ ಹೇಳಬೇಕು. ಇಂಗ್ಲೆಂಡಿನಲ್ಲಿ ಉಳಿದ ಕೋರ್ಸುಗಳ ಸೀಟಿನ ಮೇಲಿದ್ದ ಸರ್ಕಾರದ ಮಿತಿ 2015ರಲ್ಲಿ ಹೋಯಿತು, ಮೆಡಿಸಿನ್ ಮತ್ತು ಡೆಂಟಲ್‌ನದ್ದು ಹೋಗಲಿಲ್ಲ. ಒಂದು ಮೆಡಿಕಲ್ ಕಾಲೇಜು ಹತ್ತು ಜನರನ್ನು ಹೆಚ್ಚಿಗೆ ಸೇರಿಸಿಕೊಂಡು ಆಮೇಲೆ ನೋಡೋಣ ಅನ್ನುವಂತಿಲ್ಲ. ಆಸ್ಪತ್ರೆಯಲ್ಲಿ ತರಬೇತಿಗೆ ಜಾಗ ಬೇಕಲ್ಲ. ಹೊರದೇಶದವರಿಗಂತೂ ಬೆರಳೆಣಿಕೆಯ ಸೀಟು. ಅದಕ್ಕೇ ಅಲ್ಲಿ ಆಫರ್ ಅಳೆದು ತೂಗಿ ಬರುತ್ತದೆ. ಅರ್ಜಿಗೆ ಮುಂಚೆ ಯುಕ್ಯಾಟ್ ಅನ್ನುವ ಪ್ರವೇಶ ಪರೀಕ್ಷೆ, ಚಳಿಗಾಲವಿಡೀ ಇಂಟರ್‌ವ್ಯೂ. ಕೆಲವು ಕಾಲೇಜುಗಳು ಇಂಟರ್‌ವ್ಯೂ ಆದ ಹಾಗೆ ಆಫರ್ ಕೊಡುತ್ತವೆ, ಕೆಲವು ಎಲ್ಲರ ಇಂಟರ್‌ವ್ಯೂ ಮುಗಿದ ಮೇಲೆ ಒಂದೇ ಸಲ. ಡಿಸೆಂಬರ್‌ನಲ್ಲಿ ಇಂಟರ್‌ವ್ಯೂ ಆಗಿ ಮಾರ್ಚ್ ತನಕ ಸುದ್ದಿ ಇಲ್ಲದಿದ್ದರೆ ಗಾಬರಿ ಬೇಡ. ಉಳಿದ ಕೋರ್ಸುಗಳಲ್ಲಿ ಸಾಮಾನ್ಯವಾಗಿ ವೇಯ್ಟಿಂಗ್ ಲಿಸ್ಟ್ ಇರುವುದಿಲ್ಲ, ಬೇರೆಯವರು ಬಿಟ್ಟ ಆಫರ್ ಮರುದಿನ ನಿಮಗೆ ಬರುವುದಿಲ್ಲ. ಮೆಡಿಸಿನ್‌ನಲ್ಲಿ ಕೆಲವು ಕಡೆ ಅಂಥ ಪಟ್ಟಿ ಇಟ್ಟುಕೊಳ್ಳುತ್ತಾರೆ.

ಆಫರ್ ಲೆಕ್ಕ ತಪ್ಪಿದರೆ ಏನಾಗುತ್ತದೆ ಅಂತ ಕೊರೊನಾ ಕಾಲದಲ್ಲಿ ಎಲ್ಲರೂ ನೋಡಿದರು. 2020ರಲ್ಲಿ ಎ ಲೆವೆಲ್ ಪರೀಕ್ಷೆ ನಡೆಯಲಿಲ್ಲ. ಮೊದಲು ಒಂದು ಕಂಪ್ಯೂಟರ್ ಸೂತ್ರದಿಂದ ಗ್ರೇಡ್ ಕೊಟ್ಟರು, ಮಕ್ಕಳು ಬೀದಿಗಿಳಿದರು, ನಾಲ್ಕೇ ದಿನದಲ್ಲಿ ಅದನ್ನು ಕೈಬಿಟ್ಟು ಶಿಕ್ಷಕರು ಅಂದಾಜಿಸಿದ ಗ್ರೇಡನ್ನೇ ಒಪ್ಪಿಕೊಂಡರು. 2019ರಲ್ಲಿ ನೂರಕ್ಕೆ 25ರ ಸುತ್ತ ಇದ್ದ ಎ ಮತ್ತು ಎ ಸ್ಟಾರ್ ಗ್ರೇಡುಗಳು 2021ರಲ್ಲಿ 45ರ ಹತ್ತಿರ ಹೋದವು. ಮೂರರಲ್ಲಿ ಒಬ್ಬರು ಗ್ರೇಡ್ ತಪ್ಪಿಸುತ್ತಾರೆ ಅಂತ ನಂಬಿ ಆಫರ್ ಕೊಟ್ಟಿದ್ದವರ ಗತಿ ಏನಾಗಬೇಕು ಹೇಳಿ! ತಪ್ಪಿಸಿದವರು ಬಹಳ ಕಡಿಮೆ. ಕೊಟ್ಟ ಮಾತಿಗೆ ಕಟ್ಟುಬಿದ್ದು ಸೇರಿಸಿಕೊಳ್ಳಬೇಕಾಯಿತು. 2021ರಲ್ಲಿ ತುಂಬಿ ತುಳುಕಿದ ಮೆಡಿಕಲ್ ಕಾಲೇಜು ಬಿಟ್ಟು ಬೇರೆ ಮೆಡಿಕಲ್ ಕಾಲೇಜಿಗೆ ಹೋಗಲು ಒಪ್ಪಿದವರಿಗೆ 10,000 ಪೌಂಡ್ ಕೊಡುವ ಏರ್ಪಾಡೂ ಆಯಿತು. ಇದಾದ ಮೇಲೆ ಪೈಪೋಟಿಯ ಕೋರ್ಸಿನವರು ಕೈ ಬಿಗಿ ಮಾಡಿದರು. ಆಫರ್ ಕಡಿಮೆ ಕೊಡುವುದು, ಕಾದು ಕೊಡುವುದು ಎರಡೂ ಜಾಸ್ತಿಯಾಯಿತು. ಹಿರಿಯ ಅಣ್ಣನಿಗೆ 2018ರಲ್ಲಿ ಎರಡು ವಾರಕ್ಕೇ ಆಫರ್ ಬಂದಿತ್ತು ಅನ್ನುವ ಮಾತನ್ನು ಇವತ್ತಿನ ಅರ್ಜಿಗೆ ಹೊಂದಿಸಿ ನೋಡಬೇಡಿ.

ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ವಿಷಯದಲ್ಲಿ ಮಾತ್ರ ದಿನಾಂಕದ ಬಗ್ಗೆ ಗೊಂದಲವೇ ಇಲ್ಲ. ಇಂಟರ್‌ವ್ಯೂ ಬಹುತೇಕ ಡಿಸೆಂಬರ್‌ನಲ್ಲಿ. ಆಕ್ಸ್‌ಫರ್ಡ್ ಜನವರಿ ಮಧ್ಯದಲ್ಲಿ ಒಂದೇ ದಿನ ಎಲ್ಲರಿಗೂ ಹೇಳುತ್ತದೆ, ಕೇಂಬ್ರಿಡ್ಜ್ ಜನವರಿ ಕೊನೆಯಲ್ಲಿ. ಕೇಂಬ್ರಿಡ್ಜ್‌ನಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಆ ವಿಶ್ವವಿದ್ಯಾಲಯದೊಳಗಿನ ಹಲವು ಕಾಲೇಜುಗಳಲ್ಲಿ ನೀವು ಆರಿಸಿಕೊಂಡದ್ದರಲ್ಲಿ ಜಾಗ ಇಲ್ಲದಿದ್ದರೂ ನೀವು ಯೋಗ್ಯರು ಅನ್ನಿಸಿದರೆ ನಿಮ್ಮ ಅರ್ಜಿಯನ್ನು ಒಂದು ಪೂಲ್‌ಗೆ ಹಾಕುತ್ತಾರೆ, ಅಲ್ಲಿಂದ ಬೇರೆ ಕಾಲೇಜು ನಿಮ್ಮನ್ನು ಎತ್ತಿಕೊಳ್ಳಬಹುದು. ಪ್ರತಿ ವರ್ಷ ನೂರಾರು ಮಕ್ಕಳು ಹೀಗೇ ಒಳಗೆ ಹೋಗುತ್ತಾರೆ.

ಕಾಯುವಾಗ ಮಾಡಬೇಕಾದ ಕೆಲಸ ಕಡಿಮೆ, ಆದರೆ ಮಾಡಲೇಬೇಕು. ಯುಕಾಸ್ ಪುಟ ಒಂದನ್ನೇ ನೋಡುತ್ತಾ ಕೂರಬೇಡಿ, ಬಹುತೇಕ ವಿಶ್ವವಿದ್ಯಾಲಯಗಳಿಗೆ ತಮ್ಮದೇ ಪೋರ್ಟಲ್ ಇದೆ. ಅಂಕಪಟ್ಟಿ ಕಳಿಸಿ, ಇಂಗ್ಲಿಷ್ ಪರೀಕ್ಷೆಯ ವಿವರ ಕೊಡಿ, ಇಂಟರ್‌ವ್ಯೂಗೆ ದಿನ ಆರಿಸಿ ಅನ್ನುವ ಸಂದೇಶಗಳು ಅಲ್ಲಿ ಬಂದು ಕೂತಿರುತ್ತವೆ, ಅಥವಾ ಮೇಲ್‌ನ ಸ್ಪ್ಯಾಮ್ ಫೋಲ್ಡರಿನಲ್ಲಿ. ಅಕ್ಕನ ಮಗಳ ಮೇಲ್ ತೆರೆಸಿ ಹುಡುಕಿಸಿದಾಗ ಒಂಬತ್ತು ದಿನದ ಹಿಂದೆ ಬಂದಿದ್ದ ಅಂಥದೊಂದು ಪತ್ರ ಸಿಕ್ಕಿತು. ಹತ್ತನೆಯ ತರಗತಿಯ ಅಂಕಪಟ್ಟಿ ಕೇಳಿದ್ದರು. ಇಪ್ಪತ್ತು ಸಲ ಲಾಗಿನ್ ಆಗುವ ಹುಡುಗಿ ಸ್ಪ್ಯಾಮ್ ನೋಡಿರಲಿಲ್ಲ. ಅವತ್ತೇ ಕಳಿಸಿದಳು, ಡಿಸೆಂಬರ್ ಎರಡನೇ ವಾರ ಅಲ್ಲಿಂದ ಆಫರ್ ಬಂತು. ಅದು ಗೆಳತಿಗೆ ಕೊಟ್ಟ ಕಾಲೇಜಲ್ಲ, ಬೇರೆಯದು. ವಾರಕ್ಕೊಂದು ಮೇಲ್ ಹಾಕಿ "ನನ್ನ ಅರ್ಜಿ ಏನಾಯಿತು" ಅಂತ ಕೇಳುವುದರಿಂದ ಮಾತ್ರ ಏನೂ ಬೇಗ ಆಗುವುದಿಲ್ಲ. ಹೊಸ ಅಂಕ ಬಂದಿದ್ದರೆ ತಿಳಿಸಿ, ಸಾಕು.

ಎಲ್ಲ ಉತ್ತರಗಳೂ ಬಂದ ಮೇಲೆ ಎರಡನ್ನು ಇಟ್ಟುಕೊಳ್ಳಬಹುದು. ಮೊದಲ ಆಯ್ಕೆ ಫರ್ಮ್, ಎರಡನೆಯದು ಇನ್ಶೂರೆನ್ಸ್. ಉಳಿದವನ್ನು ಬಿಡಬೇಕು. ಮೇ ಮಧ್ಯದೊಳಗೆ ಎಲ್ಲ ಉತ್ತರ ಬಂದಿದ್ದರೆ ಜೂನ್ ಮೊದಲ ವಾರದ ತನಕ ಸಮಯ ಇರುತ್ತದೆ, ಅವಸರ ಬೇಡ. ಮೊದಲು ಬಂದ ಆಫರಿನ ಸಂತೋಷಕ್ಕೆ ಉತ್ತರ ಬಾರದ ಅರ್ಜಿಗಳನ್ನು ಹಿಂತೆಗೆದುಕೊಂಡು ಅದನ್ನೇ ಫರ್ಮ್ ಮಾಡಿಬಿಟ್ಟರೆ ಮಾರ್ಚ್‌ನಲ್ಲಿ ಬರಬಹುದಾದ ಇನ್ನೊಂದು ಬಾಗಿಲು ಮುಚ್ಚಿಹೋಗುತ್ತದೆ. ಇನ್ಶೂರೆನ್ಸ್ ಅಂತ ಇಟ್ಟುಕೊಳ್ಳುವುದರ ಷರತ್ತು ಫರ್ಮ್‌ಗಿಂತ ಕೆಳಗಿರಬೇಕು. ಎರಡಕ್ಕೂ ಮೂರು ಎ ಬೇಕು ಅಂದರೆ ಅದು ಯಾವ ವಿಮೆ? ಐದೂ ತಪ್ಪಿದವರಿಗೆ ಫೆಬ್ರವರಿ ಕೊನೆಯಿಂದ ಎಕ್ಸ್‌ಟ್ರಾ ಅಂತ ಒಂದು ದಾರಿ ತೆರೆಯುತ್ತದೆ, ಒಂದು ಸಲಕ್ಕೆ ಒಂದು ಹೊಸ ಕೋರ್ಸಿಗೆ ಹಾಕಬಹುದು. ಜುಲೈನಿಂದ ಕ್ಲಿಯರಿಂಗ್, ಅಂದರೆ ಉಳಿದ ಸೀಟುಗಳನ್ನು ತುಂಬುವ ಹಂತ.

ಎ ಲೆವೆಲ್ ಫಲಿತಾಂಶ ಆಗಸ್ಟ್ ಮಧ್ಯದ ಒಂದು ಗುರುವಾರ. ಒಂದು ಗ್ರೇಡ್ ತಪ್ಪಿದವರನ್ನೂ ಸೀಟು ಉಳಿದಿದ್ದರೆ ಸೇರಿಸಿಕೊಳ್ಳುವುದುಂಟು, ಹಾಗಾಗಿ ಗ್ರೇಡ್ ನೋಡಿದ ಕೂಡಲೇ ಕೈ ಚೆಲ್ಲಬೇಡಿ, ಯುಕಾಸ್ ಪುಟ ನೋಡಿ. ಅಲ್ಲಿ ಎರಡೂ ಕಡೆ ಇಲ್ಲ ಅಂತ ಬಂದರೆ ಅವತ್ತೇ ಸೀಟು ಉಳಿದಿರುವ ವಿಶ್ವವಿದ್ಯಾಲಯಗಳಿಗೆ ಕ್ಲಿಯರಿಂಗ್‌ಗಾಗಿ ಫೋನ್ ಮಾಡಬೇಕು. ಅಪ್ಪ ಅಮ್ಮ ಮಾಡಿದರೆ ಮಾತಾಡಲು ಒಪ್ಪುವುದಿಲ್ಲ, ವಿದ್ಯಾರ್ಥಿಯೇ ಮಾತಾಡಬೇಕು. ಯುಕಾಸ್ ನಂಬರ್, ವಿಷಯವಾರು ಗ್ರೇಡು, ಕೇಳಬೇಕಾದ ಕೋರ್ಸುಗಳ ಹೆಸರು ಇಷ್ಟನ್ನು ಹಿಂದಿನ ದಿನವೇ ಒಂದು ಹಾಳೆಯಲ್ಲಿ ಬರೆದು ಫೋನಿನ ಪಕ್ಕ ಇಟ್ಟುಕೊಂಡಿರಿ.